ಕಂಪ್ಯೂಟರ್ 'ಬಗ್' ಪದ ಹುಟ್ಟಿಸಿದ್ದು ಗ್ರೇಸ್ ಹಾಪರ್ ಅವರೇ? ಫಾರ್ವರ್ಡ್ ಹೇಳದ ಉಳಿದ ಕಥೆ

ನಿಮ್ಮ ವಾಟ್ಸಾಪ್ ಗ್ರೂಪಿಗೂ ಇದು ಒಮ್ಮೆಯಾದರೂ ಬಂದಿರಬಹುದು. ನೌಕಾಪಡೆಯ ಸಮವಸ್ತ್ರದಲ್ಲಿರುವ, ದಪ್ಪ ಕನ್ನಡಕದ ಒಬ್ಬ ಅಜ್ಜಿಯ ಫೋಟೋ. ಪಕ್ಕದಲ್ಲಿ ಹಳೆಯ ನೋಟ್‌ಬುಕ್ಕಿನ ಒಂದು ಪುಟ, ಅದಕ್ಕೆ ಅಂಟಿಸಿದ ಸತ್ತ ಪತಂಗ. ಕೆಳಗೆ ಒಕ್ಕಣೆ: 1945ರಲ್ಲಿ ಈ ಮಹಿಳೆ ಕಂಪ್ಯೂಟರಿನೊಳಗೆ ಹುಳು ಹಿಡಿದರು, ಅಂದಿನಿಂದ ಕಂಪ್ಯೂಟರ್ ದೋಷಕ್ಕೆ 'ಬಗ್' ಎಂಬ ಹೆಸರು ಬಂತು, ಇವರೇ ಜಗತ್ತಿನ ಮೊದಲ ಪ್ರೋಗ್ರಾಮರ್, ಕೋಬಾಲ್ ಭಾಷೆಯನ್ನು ಒಬ್ಬರೇ ಬರೆದವರು.

ನಮ್ಮ ಮನೆಯ ಗ್ರೂಪಿನಲ್ಲೂ ಇದು ಮೂರು ಸಲ ಬಂದಿದೆ. ಪ್ರತಿ ಸಲವೂ ಒಂದಷ್ಟು ನಮಸ್ಕಾರದ ಚಿಹ್ನೆಗಳು, ಅಷ್ಟೇ. ಫೋಟೋದಲ್ಲಿರುವವರು ಗ್ರೇಸ್ ಹಾಪರ್. ಫೋಟೋ ನಿಜ, ಪತಂಗವೂ ನಿಜ. ಆದರೆ ಒಕ್ಕಣೆಯಲ್ಲಿ ಹೇಳಿರುವ ಬಹುತೇಕ ಮಾತುಗಳು ಪೂರ್ತಿ ಸರಿಯಲ್ಲ. ಅದಕ್ಕಿಂತ ಬೇಸರದ ಸಂಗತಿ ಎಂದರೆ, ಅವರು ನಿಜವಾಗಿ ಮಾಡಿದ ದೊಡ್ಡ ಕೆಲಸವೊಂದರ ಬಗ್ಗೆ ಫಾರ್ವರ್ಡಿನಲ್ಲಿ ಒಂದು ಸಾಲೂ ಇಲ್ಲ. ಆ ಕೆಲಸ ಯಾವುದು, ಅದು ನಮ್ಮ ಮೊಬೈಲಿನವರೆಗೂ ಹೇಗೆ ಬಂದಿದೆ ಎಂಬುದನ್ನು ಅವರ ಜೀವನದ ಜೊತೆಗೇ ನೋಡೋಣ.

ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಬ್ರೂಸ್ಟರ್ ಮರ್ರಿ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ವಿಮಾ ವ್ಯವಹಾರದವರು. ಮೂವರು ಮಕ್ಕಳಲ್ಲಿ ಇವರೇ ಹಿರಿಯರು. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಡಿಬಿಡಿಯಾದ ಮೇಲೆ ತಾಯಿಗೆ ವಿಷಯ ಗೊತ್ತಾಯಿತು. ಆಟಕ್ಕೆ ಇನ್ನು ಮುಂದೆ ಒಂದೇ ಗಡಿಯಾರ ಎಂಬ ತೀರ್ಪು ಬಂತು.

ಓದಿನಲ್ಲಿ ಎಲ್ಲವೂ ಸಲೀಸಾಗಿರಲಿಲ್ಲ. ವಾಸರ್ ಕಾಲೇಜಿಗೆ ಮೊದಲ ಸಲ ಅರ್ಜಿ ಹಾಕಿದಾಗ ಲ್ಯಾಟಿನ್‌ನಲ್ಲಿ ಅಂಕ ಸಾಲದೆ ಸೀಟು ಸಿಗಲಿಲ್ಲ. ಮರುವರ್ಷ ಸೇರಿ, 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ ಪಡೆದರು. 1930ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ, 1934ರಲ್ಲಿ ಅಲ್ಲಿಂದಲೇ ಗಣಿತದಲ್ಲಿ ಪಿಎಚ್‌.ಡಿ. 1930ರಲ್ಲಿ ವಿನ್ಸೆಂಟ್ ಹಾಪರ್ ಎಂಬ ಅಧ್ಯಾಪಕರನ್ನು ಮದುವೆಯಾದರು. ಮದುವೆ ಹೆಚ್ಚು ಕಾಲ ಉಳಿಯಲಿಲ್ಲ, 1945ರಲ್ಲಿ ವಿಚ್ಛೇದನವಾಯಿತು. ಹಾಪರ್ ಎಂಬ ಹೆಸರು ಮಾತ್ರ ಕೊನೆಯವರೆಗೂ ಉಳಿಯಿತು. 1931ರಿಂದ ಅವರು ತಾವು ಓದಿದ ವಾಸರ್ ಕಾಲೇಜಿನಲ್ಲೇ ಗಣಿತ ಕಲಿಸುತ್ತಿದ್ದರು.

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿಯಿತು. ಹಾಪರ್ ಅವರ ಮುತ್ತಾತ ನೌಕಾಪಡೆಯಲ್ಲಿದ್ದವರು. ಇವರಿಗೂ ಅಲ್ಲಿಗೇ ಹೋಗುವ ಆಸೆ. ಆದರೆ ವಯಸ್ಸು ಮೂವತ್ತೈದರ ಹತ್ತಿರ, ತೂಕ 105 ಪೌಂಡ್, ಅಂದರೆ ಸುಮಾರು 48 ಕೆಜಿ. ನೌಕಾಪಡೆಯ ಕನಿಷ್ಠ ತೂಕಕ್ಕಿಂತ 15 ಪೌಂಡ್ ಕಡಿಮೆ. ಅದೂ ಅಲ್ಲದೆ ಗಣಿತದ ಅಧ್ಯಾಪಕರಾಗಿ ಅವರು ಕಾಲೇಜಿನಲ್ಲಿದ್ದರೇ ದೇಶಕ್ಕೆ ಹೆಚ್ಚು ಉಪಯೋಗ ಎಂದು ಅಧಿಕಾರಿಗಳು ಹೇಳಿದರು. ಹಾಪರ್ ಬಿಡಲಿಲ್ಲ. ತೂಕದ ನಿಯಮದಿಂದ ವಿನಾಯಿತಿ ಪಡೆದು, 1943ರ ಡಿಸೆಂಬರಿನಲ್ಲಿ ನೌಕಾಪಡೆಯ ಮಹಿಳಾ ಮೀಸಲು ದಳ ಸೇರಿದರು. ತರಬೇತಿಯಲ್ಲಿ ತಂಡಕ್ಕೇ ಮೊದಲಿಗರಾದರು.

51 ಅಡಿ ಉದ್ದದ ಕ್ಯಾಲ್ಕುಲೇಟರ್

1944ರ ಜುಲೈನಲ್ಲಿ ಅವರನ್ನು ಕಳಿಸಿದ್ದು ಹಡಗಿಗಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಹೋವರ್ಡ್ ಐಕನ್ ಅವರ ಉಸ್ತುವಾರಿಯಲ್ಲಿ ಮಾರ್ಕ್-1 ಎಂಬ ಯಂತ್ರ ಓಡುತ್ತಿತ್ತು. ಉದ್ದ 51 ಅಡಿ, ಎತ್ತರ 8 ಅಡಿ, ತೂಕ ನಾಲ್ಕು ಟನ್‌ಗೂ ಹೆಚ್ಚು. ಒಂದು ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡ್, ಭಾಗಾಕಾರಕ್ಕೆ 15 ಸೆಕೆಂಡ್ ಬೇಕಿತ್ತು. ಇಂದು ತರಕಾರಿ ಅಂಗಡಿಯಲ್ಲಿರುವ ನೂರು ರೂಪಾಯಿಯ ಕ್ಯಾಲ್ಕುಲೇಟರ್ ಇದಕ್ಕಿಂತ ವೇಗ. ಆದರೆ ಮಾರ್ಕ್-1ರಲ್ಲಿ ಒಂದು ಹೊಸ ಗುಣವಿತ್ತು. ತೂತು ಕೊರೆದ ಕಾಗದದ ಪಟ್ಟಿಯಲ್ಲಿ ಆದೇಶಗಳನ್ನು ಕೊಟ್ಟರೆ, ಹಗಲು ರಾತ್ರಿ ತಾನೇ ಲೆಕ್ಕ ಮಾಡಿಕೊಂಡು ಹೋಗುತ್ತಿತ್ತು.

ಕಾಲಿಟ್ಟ ದಿನವೇ ಐಕನ್ ಅವರ ಕೈಗೆ ಒಂದು ಲೆಕ್ಕ ಕೊಟ್ಟರು: ಒಂದು ತ್ರಿಕೋನಮಿತಿ ಸರಣಿಯ ಸಹಗುಣಕಗಳು, 23 ಅಂಕಿಗಳ ನಿಖರತೆಯಲ್ಲಿ, ಮುಂದಿನ ಗುರುವಾರದೊಳಗೆ. ಕಂಪ್ಯೂಟರನ್ನು ಆವರೆಗೆ ನೋಡಿಯೇ ಇರದಿದ್ದ ಹಾಪರ್ ಅಲ್ಲಿದ್ದ ರಾಬರ್ಟ್ ಕ್ಯಾಂಬೆಲ್ ಮತ್ತು ರಿಚರ್ಡ್ ಬ್ಲಾಕ್ ಎಂಬ ಇಬ್ಬರು ಯುವಕರಿಂದ ಕೆಲಸ ಕಲಿತರು. ಫಾರ್ವರ್ಡಿನ ಮೊದಲ ತಪ್ಪು ಇಲ್ಲೇ ಗೊತ್ತಾಗುತ್ತದೆ. ಈ ಇಬ್ಬರು ಆಗಲೇ ಪ್ರೋಗ್ರಾಂ ಬರೆಯುತ್ತಿದ್ದುದರಿಂದ ಹಾಪರ್ ಅವರನ್ನು ಮಾರ್ಕ್-1ರ ಮೂರನೆಯ ಪ್ರೋಗ್ರಾಮರ್ ಎಂದು ಗುರುತಿಸುತ್ತಾರೆ. ಇಡೀ ಜಗತ್ತಿನ ಮೊದಲಿಗರ ಮಾತು ಬಂದರೆ, ಅದಕ್ಕೂ ನೂರು ವರ್ಷ ಮೊದಲು, 1843ರಲ್ಲಿ, ಇನ್ನೂ ತಯಾರಾಗದ ಯಂತ್ರವೊಂದಕ್ಕೆ ಲೆಕ್ಕದ ಕ್ರಮ ಬರೆದಿಟ್ಟ ಏಡಾ ಲವ್‌ಲೇಸ್ ಅವರ ಹೆಸರು ಹೇಳುವುದು ವಾಡಿಕೆ.

ಆ ವರ್ಷದ ಆಗಸ್ಟಿನಲ್ಲಿ ಜಾನ್ ವಾನ್ ನಾಯ್ಮನ್ ಎಂಬ ಗಣಿತಜ್ಞ ಒಂದು ದೊಡ್ಡ ಲೆಕ್ಕ ಹೊತ್ತು ಬಂದರು. ಒಳಮುಖವಾಗಿ ಕುಸಿಯುವ ಸ್ಫೋಟದ ಸಮೀಕರಣಗಳು. ಯಾತಕ್ಕಾಗಿ ಎಂದು ಅಲ್ಲಿದ್ದವರಿಗೆ ಯಾರೂ ಹೇಳಲಿಲ್ಲ. ಅದು ಪರಮಾಣು ಬಾಂಬಿಗೆ ಸಂಬಂಧಿಸಿದ ಲೆಕ್ಕವೆಂದು ಅವರಿಗೆ ತಿಳಿದದ್ದು ನಂತರ. ಉತ್ತರ ತಪ್ಪಾದರೆ ಏನಾಗುತ್ತದೆ ಎಂಬುದು ಗೊತ್ತಿಲ್ಲದೆಯೂ ಉತ್ತರ ಸರಿಯಾಗಿರಲೇಬೇಕು ಎಂಬ ಒತ್ತಡದಲ್ಲಿ ಅವರೆಲ್ಲ ಕೆಲಸ ಮಾಡುತ್ತಿದ್ದರು.

ಹಾಪರ್ ಮತ್ತು ಜೊತೆಗಾರರು ಅಲ್ಲಿ ಒಂದು ಅಭ್ಯಾಸ ಬೆಳೆಸಿಕೊಂಡರು. ಒಮ್ಮೆ ಓಡಿಸಿ, ಸರಿ ಎಂದು ಖಾತ್ರಿಯಾದ ಪ್ರೋಗ್ರಾಮಿನ ತುಂಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಮತ್ತೆ ಅದೇ ಲೆಕ್ಕ ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುವುದು. ಆದರೆ ನಕಲು ಮಾಡುವಾಗ ಒಂದು ಅಂಕಿ ಆಚೀಚೆಯಾದರೆ ಮುಗಿಯಿತು. ಮನುಷ್ಯರು ನಕಲು ಮಾಡುವುದರಲ್ಲೂ ಕೂಡುವುದರಲ್ಲೂ ಬಲು ಕಾಚಾ ಎಂಬುದು ಹಾಪರ್ ಅವರಿಗೆ ಅಲ್ಲೇ ಮನವರಿಕೆಯಾಯಿತು. ಮುಂದೆ ಅವರು ಮಾಡಿದ್ದೆಲ್ಲ ಒಂದು ರೀತಿಯಲ್ಲಿ ಈ ಸಮಸ್ಯೆಗೆ ಉತ್ತರ ಹುಡುಕುವ ಕೆಲಸವೇ.

ಪತಂಗದ ವಿಷಯಕ್ಕೆ ಬರೋಣ

ಘಟನೆ ನಡೆದದ್ದು 1947ರ ಸೆಪ್ಟೆಂಬರ್ 9ರಂದು. ಫಾರ್ವರ್ಡಿನಲ್ಲಿರುವ 1945 ತಪ್ಪು, ಆಗ ಮಾರ್ಕ್-2 ಯಂತ್ರ ತಯಾರೇ ಆಗಿರಲಿಲ್ಲ. ಈ ಯಂತ್ರದಲ್ಲಿ ಸಾವಿರಾರು ರಿಲೇಗಳಿದ್ದವು. ರಿಲೇ ಎಂದರೆ ವಿದ್ಯುತ್ತಿನಿಂದ ಮುಚ್ಚಿ ತೆರೆಯುವ ಪುಟ್ಟ ಸ್ವಿಚ್. ಅಂದು ಮಧ್ಯಾಹ್ನ ಯಂತ್ರ ಕೈಕೊಟ್ಟಾಗ ಹುಡುಕಿದವರಿಗೆ ಎಫ್ ಪ್ಯಾನೆಲ್ಲಿನ 70ನೇ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗ ಕಂಡಿತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಎಂಬ ಅರ್ಥದ ಸಾಲೊಂದನ್ನು ತಮಾಷೆಗೆ ಬರೆದರು.

ಆ ತಮಾಷೆಯನ್ನು ಗಮನಿಸಿ. ದೋಷಕ್ಕೆ ಬಗ್ ಎನ್ನುವ ರೂಢಿ ಮೊದಲೇ ಇದ್ದರೆ ಮಾತ್ರ ನಿಜವಾದ ಬಗ್ ಸಿಕ್ಕಿತು ಎಂಬ ಮಾತಿಗೆ ನಗು ಬರುತ್ತದೆ. ಆ ರೂಢಿ ಇತ್ತು ಕೂಡ. ಥಾಮಸ್ ಎಡಿಸನ್ 1878ರ ಪತ್ರವೊಂದರಲ್ಲೇ ಯಂತ್ರದ ಸಣ್ಣಪುಟ್ಟ ತೊಂದರೆಗಳಿಗೆ ಈ ಪದ ಬಳಸಿದ್ದಾರೆ. ಹಾಪರ್ ಹುಟ್ಟುವುದಕ್ಕೂ 28 ವರ್ಷ ಮೊದಲು. ಇನ್ನು ಪತಂಗ ಹಿಡಿದವರು ಹಾಪರ್ ಅಲ್ಲ, ಯಂತ್ರ ನಡೆಸುತ್ತಿದ್ದ ಸಹೋದ್ಯೋಗಿಗಳು. ಹಾಪರ್ ಈ ಕಥೆಯನ್ನು ಮುಂದೆ ನೂರಾರು ಭಾಷಣಗಳಲ್ಲಿ ಸ್ವಾರಸ್ಯವಾಗಿ ಹೇಳಿದ್ದರಿಂದ ಕಥೆಗೆ ಅವರ ಹೆಸರು ಅಂಟಿಕೊಂಡಿತು. ಪತಂಗ ಇಂದಿಗೂ ಅದೇ ಪುಟದಲ್ಲಿ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಂನ ಸಂಗ್ರಹದಲ್ಲಿದೆ.

ಕಷ್ಟದ ವರ್ಷಗಳು

ಫಾರ್ವರ್ಡುಗಳಲ್ಲಿ ಬರುವ ಸಾಧಕರಿಗೆ ಕೆಟ್ಟ ದಿನಗಳೇ ಇರುವುದಿಲ್ಲ. ಹಾಪರ್ ಅವರಿಗೆ ಇದ್ದವು. ಯುದ್ಧ ಮುಗಿದ ಮೇಲೆ ನೌಕಾಪಡೆಯಲ್ಲಿ ಕಾಯಂ ಆಗಬೇಕೆಂದರೆ ವಯಸ್ಸು ಮೀರಿತ್ತು. ಹಾರ್ವರ್ಡಿನಲ್ಲಿದ್ದ ಸಂಶೋಧನಾ ಹುದ್ದೆ ಮೂರು ವರ್ಷಗಳದ್ದು, ಅದರಾಚೆ ಮಹಿಳೆಗೆ ಅಲ್ಲಿ ಕಾಯಂ ಜಾಗವಿರಲಿಲ್ಲ. ಮದುವೆ ಮುರಿದಿತ್ತು, ವಯಸ್ಸು ನಲವತ್ತು ದಾಟಿತ್ತು. ಆ ವರ್ಷಗಳಲ್ಲಿ ಕುಡಿತ ಅವರನ್ನು ತೀವ್ರವಾಗಿ ಕಾಡಿತು. 1949ರಲ್ಲಿ ಕುಡಿದ ಸ್ಥಿತಿಯಲ್ಲಿ ಪೊಲೀಸರ ವಶಕ್ಕೆ ಹೋದ ಪ್ರಸಂಗವೂ ಅವರ ಜೀವನಚರಿತ್ರೆಯಲ್ಲಿ ದಾಖಲಾಗಿದೆ. ಸ್ನೇಹಿತರು ಕೈಬಿಡಲಿಲ್ಲ, ಅವರೂ ಕೆಲಸ ಬಿಡಲಿಲ್ಲ.

1949ರಲ್ಲೇ ಅವರು ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದ್ದರು. ಯೂನಿವ್ಯಾಕ್ ಎಂಬ ಕಂಪ್ಯೂಟರ್ ತಯಾರಾಗುತ್ತಿದ್ದ ಜಾಗ ಅದು. ಮುಂದಿನ ವರ್ಷ ರೆಮಿಂಗ್ಟನ್ ರ‍್ಯಾಂಡ್ ಆ ಕಂಪನಿಯನ್ನು ಕೊಂಡುಕೊಂಡಿತು. ಆ ದಿನಗಳ ಒಂದು ಪ್ರಸಂಗವನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಕೆಲಸದಲ್ಲಿ ಎಂಟರ ಮೂಲದ ಸಂಖ್ಯೆಗಳೇ, ಅಂದರೆ 7 ಆದ ಮೇಲೆ ನೇರ 10 ಬರುವ ಎಣಿಕೆ. ತಿಂಗಳುಗಟ್ಟಲೆ ಅದರಲ್ಲೇ ಮುಳುಗಿದ್ದ ಅವರಿಗೆ ತಮ್ಮ ಬ್ಯಾಂಕ್ ಲೆಕ್ಕ ತಾಳೆಯಾಗದೆ ತಲೆಕೆಟ್ಟಿತು. ಬ್ಯಾಂಕಿನಲ್ಲಿದ್ದ ತಮ್ಮ ಕೂತು ನೋಡಿದರೆ, ಅಕ್ಕ ಮನೆಯ ಲೆಕ್ಕವನ್ನೂ ಎಂಟರ ಮೂಲದಲ್ಲೇ ಕಳೆಯುತ್ತಿದ್ದರು. ಯಂತ್ರದ ಭಾಷೆಗೆ ಮನುಷ್ಯರು ಬಗ್ಗುವ ಬದಲು ಯಂತ್ರವೇ ಯಾಕೆ ಅನುವಾದ ಮಾಡಿಕೊಳ್ಳಬಾರದು ಎಂಬ ಯೋಚನೆ ಅವರಲ್ಲಿ ಗಟ್ಟಿಯಾಯಿತು.

1952ರಲ್ಲಿ ಅವರು ಎ-ಝೀರೋ ಎಂಬ ಪ್ರೋಗ್ರಾಂ ಸಿದ್ಧಪಡಿಸಿದರು. ನೋಟ್‌ಬುಕ್ಕಿನಲ್ಲಿ ಕೂಡಿಟ್ಟಂತಹ ಖಾತ್ರಿಯಾದ ತುಂಡುಗಳನ್ನೆಲ್ಲ ಕಾಂತೀಯ ಟೇಪಿಗೆ ಹಾಕಿ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟರು. ಬೇಕಾದ ಸಂಖ್ಯೆಗಳನ್ನು ಬರೆದರೆ ಸಾಕು, ಎ-ಝೀರೋ ಆ ತುಂಡುಗಳನ್ನು ಹುಡುಕಿ, ಜೋಡಿಸಿ ಪ್ರೋಗ್ರಾಂ ಕಟ್ಟಿಕೊಡುತ್ತಿತ್ತು. ಇದನ್ನು ಅವರು ಕಂಪೈಲರ್ ಎಂದು ಕರೆದರು. ಇಂದಿನ ಅರ್ಥದ ಕಂಪೈಲರ್ ಎಂದರೆ ಮನುಷ್ಯ ಬರೆದ ಭಾಷೆಯನ್ನು ಯಂತ್ರದ ಭಾಷೆಗೆ ಅನುವಾದಿಸುವ ಪ್ರೋಗ್ರಾಂ. ಆ ದೃಷ್ಟಿಯಲ್ಲಿ ಎ-ಝೀರೋ ಇನ್ನೂ ಜೋಡಣೆಯ ಹಂತದಲ್ಲಿತ್ತು. ಆದರೆ ನಕಲು ಮಾಡುವ ಕೆಲಸವನ್ನು ಮನುಷ್ಯರಿಂದ ತೆಗೆದು ಯಂತ್ರಕ್ಕೆ ಕೊಟ್ಟ ದೊಡ್ಡ ಹೆಜ್ಜೆ ಅದೇ.

ಮುಂದೆ ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯಬಹುದಾದ ಫ್ಲೋ-ಮ್ಯಾಟಿಕ್ ಎಂಬ ಭಾಷೆ ಅವರ ತಂಡದಿಂದ ಬಂತು. 1959ರ ಮೇ ತಿಂಗಳಲ್ಲಿ ಪೆಂಟಗನ್ನಿನಲ್ಲಿ ಕಂಪ್ಯೂಟರ್ ತಯಾರಕರು ಮತ್ತು ಸರ್ಕಾರದ ಪ್ರತಿನಿಧಿಗಳು ಸೇರಿ, ವ್ಯವಹಾರದ ಲೆಕ್ಕಕ್ಕೆ ಎಲ್ಲ ಯಂತ್ರಗಳಲ್ಲೂ ಓಡುವ ಒಂದೇ ಭಾಷೆ ಬೇಕೆಂದು ತೀರ್ಮಾನಿಸಿದರು. ಅದೇ ಕೋಬಾಲ್. ಬರೆದದ್ದು ಒಂದು ಸಮಿತಿ, ಜೀನ್ ಸ್ಯಾಮೆಟ್ ಅವರಂಥ ಹಲವರ ದುಡಿಮೆ ಅದರಲ್ಲಿದೆ. ಹಾಪರ್ ಸಲಹೆಗಾರರಾಗಿದ್ದರು, ಅವರ ಫ್ಲೋ-ಮ್ಯಾಟಿಕ್ ಕೋಬಾಲಿಗೆ ಮುಖ್ಯ ಆಧಾರವಾಯಿತು. ಹಾಗಾಗಿ ಕೋಬಾಲಿನ ಅಜ್ಜಿ ಎಂದರೆ ಸರಿ, ಒಬ್ಬರೇ ಬರೆದರು ಎಂದರೆ ತಪ್ಪು. 1960ರ ಡಿಸೆಂಬರಿನಲ್ಲಿ ಎರಡು ಬೇರೆ ಕಂಪನಿಗಳ ಕಂಪ್ಯೂಟರುಗಳಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಓಡಿಸಿ ತೋರಿಸಲಾಯಿತು.

ಒಂದೇ ಭಾಷೆ, ಹತ್ತು ಉಚ್ಚಾರ

ಕಾಗದದ ಮೇಲೆ ಭಾಷೆ ಒಂದೇ. ಆದರೆ ಪ್ರತಿ ಕಂಪನಿಯೂ ತನ್ನ ಕಂಪ್ಯೂಟರಿಗೆ ಕೋಬಾಲ್ ಕಂಪೈಲರನ್ನು ತಾನೇ ತಯಾರಿಸುತ್ತಿತ್ತು. ಒಬ್ಬರು ಒಂದು ನಿಯಮ ಬಿಟ್ಟರು, ಇನ್ನೊಬ್ಬರು ತಮ್ಮದೊಂದು ಸೇರಿಸಿದರು, ಮತ್ತೊಬ್ಬರು ಅದೇ ವಾಕ್ಯಕ್ಕೆ ಬೇರೆ ಅರ್ಥ ಮಾಡಿದರು. ಒಂದು ಯಂತ್ರದಲ್ಲಿ ಸರಿಯಾಗಿ ಬಂದ ಸಂಬಳದ ಪಟ್ಟಿ ಇನ್ನೊಂದರಲ್ಲಿ ನಿಂತುಹೋಗಬಹುದಿತ್ತು. ಅದಕ್ಕಿಂತ ಅಪಾಯವೆಂದರೆ, ನಿಲ್ಲದೆ ಓಡಿ ತಪ್ಪು ಮೊತ್ತ ಕೊಡಬಹುದಿತ್ತು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಕೊಂಡಿದ್ದ ನೌಕಾಪಡೆಗೆ ಇದು ದೊಡ್ಡ ತಲೆನೋವಾಯಿತು.

ಹಾಪರ್ 1966ರ ಕೊನೆಯಲ್ಲಿ, 60ನೇ ವಯಸ್ಸಿನಲ್ಲಿ ನೌಕಾಪಡೆಯ ಮೀಸಲು ದಳದಿಂದ ನಿವೃತ್ತರಾಗಿದ್ದರು. ಒಲ್ಲದ ಮನಸ್ಸಿನ ನಿವೃತ್ತಿ ಅದು. 1967ರ ಆಗಸ್ಟಿನಲ್ಲಿ ನೌಕಾಪಡೆ ಅವರನ್ನು ಮತ್ತೆ ಕರೆಯಿತು. ಕೆಲಸ ಕೋಬಾಲ್ ಗೊಂದಲವನ್ನು ಸರಿಪಡಿಸುವುದು, ಅವಧಿ ಆರು ತಿಂಗಳು. ಆ ಆರು ತಿಂಗಳು ಹತ್ತೊಂಬತ್ತು ವರ್ಷವಾಯಿತು. ಅವರ ಕಚೇರಿಯ ಗೋಡೆಯಲ್ಲಿ ಹಿಂದುಹಿಂದಕ್ಕೆ ತಿರುಗುವ ಒಂದು ಗಡಿಯಾರವಿತ್ತು. ಹಿಂದಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ ಎನ್ನುವವರಿಗೆ ಅವರ ಉತ್ತರ ಆ ಗಡಿಯಾರವೇ.

ಈ ಹಂತದಲ್ಲಿ ಅವರ ತಂಡ ಮಾಡಿದ್ದೇ ಫಾರ್ವರ್ಡಿನಲ್ಲಿ ಬಾರದ ಕೆಲಸ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಊರಿನ ದಿನಸಿ ಅಂಗಡಿಗೆ ಹೋಗೋಣ. ತಕ್ಕಡಿ ಸರಿಯಿದೆಯೇ ಎಂದು ನೋಡಲು ಬರುವ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಮಾಡಬೇಕಾದ ಮುಖ್ಯ ಕೆಲಸ ಏನು? ತಕ್ಕಡಿಯೊಳಗಿನ ಯಂತ್ರವನ್ನು ಬಿಚ್ಚಿ ನೋಡುವುದಲ್ಲ. ತೂಕ ಖಾತ್ರಿಯಿರುವ ಒಂದು ಕೆಜಿ ಬಟ್ಟನ್ನು ಅದರ ಮೇಲಿಟ್ಟು, ಒಂದು ಕೆಜಿ ಎಂದೇ ತೋರಿಸುತ್ತದೆಯೇ ಎಂದು ನೋಡುವುದು. ಒಳಗೆ ಏನಿದೆಯೋ ಇರಲಿ, ಗೊತ್ತಿರುವುದನ್ನು ಕೊಟ್ಟರೆ ಗೊತ್ತಿರುವ ಉತ್ತರ ಬರಬೇಕು. ಸಾಫ್ಟ್‌ವೇರ್ ಜಗತ್ತಿನಲ್ಲಿ ಇದಕ್ಕೆ ಫಂಕ್ಷನಲ್ ಟೆಸ್ಟಿಂಗ್ ಎನ್ನುತ್ತಾರೆ.

ಹಾಪರ್ ತಂಡ ಕೋಬಾಲ್ ಕಂಪೈಲರುಗಳಿಗೆ ಇಂಥ ತೂಕದ ಬಟ್ಟುಗಳನ್ನು ತಯಾರಿಸಿತು. ಸಣ್ಣ ಸಣ್ಣ ಪರೀಕ್ಷಾ ಪ್ರೋಗ್ರಾಮುಗಳು, ಪ್ರತಿಯೊಂದೂ ಭಾಷೆಯ ಒಂದೊಂದು ನಿಯಮವನ್ನು ಓಡಿಸಿ ನೋಡುತ್ತದೆ. ಉದಾಹರಣೆಗೆ, ಎರಡು ಸಂಖ್ಯೆ ಕೂಡಿ ಮೂರಂಕಿಯ ಜಾಗದಲ್ಲಿ ಇಡು ಎಂಬ ಆದೇಶ. ಸರಿಯಾದ ಉತ್ತರ ಏನೆಂದು ಪರೀಕ್ಷೆಗೆ ಮೊದಲೇ ಗೊತ್ತು. ಕಂಪೈಲರ್ ಕೊಟ್ಟ ಉತ್ತರದೊಂದಿಗೆ ಹೋಲಿಸಿ ಪಾಸ್ ಅಥವಾ ಫೇಲ್ ಎಂದು ತಾನೇ ಮುದ್ರಿಸುತ್ತದೆ. ಕಂಪನಿ ತನ್ನ ಕಂಪೈಲರ್ ಬಗ್ಗೆ ಜಾಹೀರಾತಿನಲ್ಲಿ ಏನೇ ಹೇಳಿಕೊಳ್ಳಲಿ, ಪರೀಕ್ಷೆ ಓಡಿಸಿದರೆ ನಿಜ ಹೊರಬೀಳುತ್ತಿತ್ತು. ಈ ಪರೀಕ್ಷೆಗಳು ನೌಕಾಪಡೆಯಿಂದಾಚೆಗೂ ಬಳಕೆಗೆ ಬಂದವು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಭಾಷೆಗಳ ಕಂಪೈಲರ್ ಪರೀಕ್ಷೆಯ ಇದೇ ದಾರಿಯನ್ನು ಹಿಡಿಯಿತು.

ಸಹಾಯಕ ಕೋಡ್ ಯಾಕೆ ಬೇಕು?

ಇಲ್ಲಿ ಒಂದು ತೊಡಕಿದೆ. ಪರೀಕ್ಷೆಗಳು ನೂರಾರು, ಯಂತ್ರಗಳು ಹತ್ತಾರು. ಒಂದೊಂದು ಯಂತ್ರದಲ್ಲೂ ಪ್ರಿಂಟರಿಗೆ, ಟೇಪಿಗೆ ಬೇರೆ ಬೇರೆ ಹೆಸರು. ಪ್ರತಿ ಸಲ ಕೈಯಿಂದ ತಿದ್ದುತ್ತಾ ಕೂತರೆ ಮತ್ತೆ ಅದೇ ನಕಲಿನ ತಪ್ಪು. ಹೀಗಾಗಿ ಕೋಬಾಲ್ ಪರೀಕ್ಷೆಗಳ ಜೊತೆಗೆ ಒಂದು ಮೇಲ್ವಿಚಾರಕ ಪ್ರೋಗ್ರಾಂ ಕೂಡ ಇತ್ತು. ಪರೀಕ್ಷೆಗಳಲ್ಲಿ ಯಂತ್ರದ ಹೆಸರು ಬರಬೇಕಾದ ಕಡೆ ಖಾಲಿ ಗುರುತು ಬಿಟ್ಟಿರುತ್ತಿದ್ದರು. ಈ ಪ್ರೋಗ್ರಾಂ ದೊಡ್ಡ ಕಡತದಿಂದ ಒಂದೊಂದೇ ಪರೀಕ್ಷೆಯನ್ನು ಹೊರತೆಗೆದು, ಆ ಗುರುತುಗಳಲ್ಲಿ ಸ್ಥಳೀಯ ಹೆಸರು ತುಂಬಿ, ಓಡಿಸಲು ಸಿದ್ಧ ಮಾಡಿಕೊಡುತ್ತಿತ್ತು. ಅದು ತಾನೇ ಪರೀಕ್ಷೆಯಲ್ಲ, ಪರೀಕ್ಷೆಗೆ ಸಹಾಯಕ. ಅಡುಗೆಯವರ ಪಕ್ಕದಲ್ಲಿ ತರಕಾರಿ ಹೆಚ್ಚಿ, ಪಾತ್ರೆ ತೊಳೆದು ಕೊಡುವವರಂತೆ.

ಇಂದು ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವ ನಿಮ್ಮ ಮನೆಯ ಹುಡುಗ ಹುಡುಗಿಯರು ಬರೆಯುವುದೂ ಇಂಥದನ್ನೇ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ ದೂರದ ಸರ್ವರಿಗೆ ಕೆಲಸ ಹೇಳುವ ಪ್ರೋಗ್ರಾಮುಗಳಿವೆ, ಅವಕ್ಕೆ ಕಮಾಂಡ್‌ಲೈನ್ ಕ್ಲೈಂಟ್ ಎಂದು ಹೆಸರು. ನಿಮ್ಮ ಬ್ಯಾಂಕ್ ಆ್ಯಪ್, ರೈಲು ಟಿಕೆಟಿನಂಥ ಸೇವೆಗಳ ಹಿಂದಿರುವ ಸರ್ವರುಗಳನ್ನು ನೋಡಿಕೊಳ್ಳುವವರು ದಿನವೂ ಇಂಥ ಕಮಾಂಡುಗಳನ್ನು ಬಳಸುತ್ತಾರೆ. ಅದರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೂ ಹಳೆಯದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲೇಬೇಕು. ನೂರು ಕಮಾಂಡುಗಳನ್ನು ದಿನಕ್ಕೆ ಹತ್ತು ಸಲ ಕೈಯಿಂದ ಟೈಪ್ ಮಾಡಿ ನೋಡುವುದು ಆಗದ ಮಾತು.

ಸಹಾಯಕ ಕೋಡ್ ಈ ಕೆಲಸಗಳನ್ನು ಮಾಡುತ್ತದೆ. ಮೊದಲು ತಾತ್ಕಾಲಿಕ ಫೋಲ್ಡರ್ ಮಾಡಿ ಪರೀಕ್ಷೆಗೆ ಬೇಕಾದ ಕಡತಗಳನ್ನು ಜೋಡಿಸುತ್ತದೆ. ನಂತರ ಕಮಾಂಡನ್ನು ಮನುಷ್ಯ ಟೈಪ್ ಮಾಡಿದಂತೆಯೇ ಓಡಿಸುತ್ತದೆ. ಪ್ರೋಗ್ರಾಂ ಹೊರಹಾಕುವ ಮೂರು ವಿಷಯಗಳನ್ನು ಹಿಡಿದಿಡುತ್ತದೆ: ಪರದೆಗೆ ಬಂದ ಉತ್ತರ, ಪ್ರತ್ಯೇಕ ದಾರಿಯಲ್ಲಿ ಬರುವ ದೋಷದ ಸಂದೇಶ, ಮತ್ತು ಕೊನೆಗೆ ಬಿಟ್ಟುಹೋಗುವ ಒಂದು ಸಂಖ್ಯೆ. ಆ ಸಂಖ್ಯೆ ಸೊನ್ನೆಯಾದರೆ ಕೆಲಸ ಆಯಿತು, ಬೇರೆ ಏನಾದರೂ ಆದರೆ ಎಡವಟ್ಟಾಗಿದೆ ಎಂದು ಅರ್ಥ. ಇವನ್ನು ನಿರೀಕ್ಷಿತ ಉತ್ತರದೊಂದಿಗೆ ಹೋಲಿಸಿ, ವರದಿ ಕೊಟ್ಟು, ತಾತ್ಕಾಲಿಕ ಕಡತಗಳನ್ನು ಅಳಿಸಿ ಜಾಗ ಚೊಕ್ಕ ಮಾಡುತ್ತದೆ.

ಕೆಲವು ಎಚ್ಚರಗಳೂ ಬೇಕು. ಉತ್ತರದಲ್ಲಿ ಇವತ್ತಿನ ದಿನಾಂಕ, ಸಮಯ ಬರುತ್ತಿದ್ದರೆ ನಾಳೆ ಅದು ಬೇರೆಯಾಗಿ ಪರೀಕ್ಷೆ ಸುಮ್ಮನೆ ಫೇಲ್ ಆಗುತ್ತದೆ. ಅಂಥ ಕಡೆ, ಕೋಬಾಲ್ ಪರೀಕ್ಷೆಗಳಂತೆಯೇ, ಖಾಲಿ ಗುರುತು ಇಟ್ಟು ಹೋಲಿಸಬೇಕು. ತಪ್ಪು ಕಮಾಂಡನ್ನೂ ಬೇಕೆಂದೇ ಕೊಟ್ಟು, ಪ್ರೋಗ್ರಾಂ ಅದನ್ನು ತಪ್ಪೆಂದು ಹೇಳುತ್ತದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಸಹಾಯಕ ಕೋಡೇ ಸರಿಯಿರಬೇಕು. ಇನ್ಸ್‌ಪೆಕ್ಟರ್ ತಂದ ಬಟ್ಟೇ 950 ಗ್ರಾಂ ಇದ್ದರೆ ಸರಿಯಾದ ತಕ್ಕಡಿಗೆ ದಂಡ ಬೀಳುತ್ತದೆ, ಮೋಸದ ತಕ್ಕಡಿ ಪಾಸಾಗುತ್ತದೆ. ಇನ್ನೊಂದು ಮಾತು: ಪರೀಕ್ಷೆ ಪಾಸಾಯಿತು ಎಂದರೆ ತಪ್ಪೇ ಇಲ್ಲ ಎಂದಲ್ಲ. ನಾವು ಹುಡುಕಿದ ಕಡೆ ತಪ್ಪು ಸಿಗಲಿಲ್ಲ ಎಂದಷ್ಟೇ.

ಕೋಬಾಲಿನ ಪರೀಕ್ಷೆಗಳು ಇನ್ನೂ ಬದುಕಿವೆ. ಉಚಿತವಾಗಿ ಸಿಗುವ ಗ್ನೂಕೋಬಾಲ್ ಎಂಬ ಕಂಪೈಲರನ್ನು ಕಮಾಂಡ್‌ಲೈನಿನಲ್ಲೇ ಬಳಸುವುದು. ಅಮೆರಿಕದ ಮಾನಕ ಸಂಸ್ಥೆಯ 9,700ಕ್ಕೂ ಹೆಚ್ಚು ಪರೀಕ್ಷೆಗಳನ್ನು ಓಡಿಸಿ ಅದನ್ನು ಇಂದಿಗೂ ಪರಿಶೀಲಿಸುತ್ತಾರೆ. ನಮಗೂ ಇದರಲ್ಲಿ ಒಂದು ನಂಟಿದೆ. 1990ರ ದಶಕದ ಕೊನೆಯಲ್ಲಿ, 2000ನೇ ಇಸವಿಯ ದಿನಾಂಕದ ಸಮಸ್ಯೆ ಎದುರಾದಾಗ, ಬೆಂಗಳೂರಿನ ಕಂಪನಿಗಳ ಎಂಜಿನಿಯರುಗಳು ಕೂತು ತಿದ್ದಿ, ಪರೀಕ್ಷಿಸಿ ಕೊಟ್ಟದ್ದು ಬಹುಪಾಲು ಇಂಥ ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನೇ.

ಕೊನೆಯ ವರ್ಷಗಳು

ಹಾಪರ್ 1973ರಲ್ಲಿ ಕ್ಯಾಪ್ಟನ್ ಆದರು, 1983ರಲ್ಲಿ ಕಮೊಡೋರ್. 1985ರಲ್ಲಿ ಆ ಹುದ್ದೆಯ ಹೆಸರು ಬದಲಾಗಿ ರಿಯರ್ ಅಡ್ಮಿರಲ್ ಎನಿಸಿಕೊಂಡರು. ಭಾಷಣಕ್ಕೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಬೆಳಕು ಹೆಚ್ಚೆಂದರೆ ಅಷ್ಟು ದೂರ ಹೋಗಬಲ್ಲದು. ಉಪಗ್ರಹದ ಮೂಲಕ ಕಳಿಸಿದ ಸಂದೇಶ ಯಾಕೆ ತಡ ಎಂದು ಕೇಳುವ ಅಡ್ಮಿರಲ್‌ಗಳಿಗೆ, ನಡುವೆ ಇಂಥ ತುಂಡುಗಳು ಎಷ್ಟಿವೆ ಎಂದು ತೋರಿಸಲು ಇದು ಅವರ ಉಪಾಯ.

1986ರ ಆಗಸ್ಟ್ 14ರಂದು, 79ನೇ ವಯಸ್ಸಿನಲ್ಲಿ, ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಎಂಬ ಐತಿಹಾಸಿಕ ಹಡಗಿನ ಮೇಲೆ ಅವರಿಗೆ ಬೀಳ್ಕೊಡುಗೆಯಾಯಿತು. ಆಗ ಅಮೆರಿಕದ ಸೇನಾ ಸೇವೆಯಲ್ಲಿದ್ದ ಅತ್ಯಂತ ಹಿರಿಯ ಅಧಿಕಾರಿ ಅವರೇ. ಮನೆಯಲ್ಲಿ ಕೂರಲಿಲ್ಲ, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾದರು. 1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಆರ್ಲಿಂಗ್ಟನ್ ರಾಷ್ಟ್ರೀಯ ಸಮಾಧಿಯಲ್ಲಿ ಸೈನಿಕ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ತೂಕ ಸಾಲದೆಂದು ಒಮ್ಮೆ ಬೇಡವೆಂದಿದ್ದ ನೌಕಾಪಡೆಯೇ ಮುಂದೆ ಒಂದು ಯುದ್ಧನೌಕೆಗೆ ಅವರ ಹೆಸರಿಟ್ಟಿತು. 2016ರಲ್ಲಿ ಮರಣೋತ್ತರವಾಗಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು.

ಹಾಗಾದರೆ ಫಾರ್ವರ್ಡಿನಲ್ಲಿ ಯಾವುದು ನಿಜ?

ಪತಂಗ ಸಿಕ್ಕಿದ್ದು: ನಿಜ, ಆದರೆ 1945ರಲ್ಲಲ್ಲ, 1947ರಲ್ಲಿ. ಹಿಡಿದದ್ದು ಸಹೋದ್ಯೋಗಿಗಳು.

ಬಗ್ ಪದ ಹುಟ್ಟಿದ್ದು ಅಂದೇ: ಸುಳ್ಳು. 1878ರಲ್ಲೇ ಬಳಕೆಯಲ್ಲಿತ್ತು.

ಜಗತ್ತಿನ ಮೊದಲ ಪ್ರೋಗ್ರಾಮರ್: ಸುಳ್ಳು. ಮೊದಲ ಸಾಲಿನವರಲ್ಲಿ ಒಬ್ಬರು.

ಕೋಬಾಲ್ ಒಬ್ಬರೇ ಬರೆದರು: ಸುಳ್ಳು. ಸಮಿತಿಯ ಕೆಲಸ, ಅಡಿಪಾಯದಲ್ಲಿ ಇವರ ಪಾಲು ದೊಡ್ಡದು.

ನಿಮ್ಮ ಗ್ರೂಪಿಗೆ ಆ ಫೋಟೋ ಮತ್ತೆ ಬಂದರೆ ಕಳಿಸಿದವರ ಜೊತೆ ಜಗಳ ಬೇಡ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಇಸವಿ ಒಂದನ್ನು ಮೊದಲು ತಾಳೆ ನೋಡಿ, ಬೇಕಿದ್ದರೆ ಈ ಲೇಖನವನ್ನು ಅದರ ಕೆಳಗೇ ಹಾಕಿ. ಪತಂಗದ ಕಥೆ ಓದಿ ನಕ್ಕವರಲ್ಲಿ ಒಬ್ಬರಿಗಾದರೂ ತಕ್ಕಡಿಯ ಮೇಲೆ ಬಟ್ಟಿಟ್ಟು ನೋಡಿದ ಆ ಅಜ್ಜಿಯ ಪರಿಚಯವಾಗಲಿ.